ಓದುಗರ ಪ್ರಶ್ನೆ, ನಮ್ಮ ಉತ್ತರ: ಒಮ್ರಿ ಮನೆತನ ಎದ್ದಿದ್ದು, ಬಿದ್ದಿದ್ದು

ಕಳೆದ ಸಂಚಿಕೆಯಲ್ಲಿ ಅಹಾಬ ರಾಜ ನಾಬೋತ ಅನ್ನೋನ ದ್ರಾಕ್ಷಿ ತೋಟ ಹೊಡ್ಕೊಂಡ ಕಥೆನ ನಾಲ್ಕೇ ನಾಲ್ಕು ಸಾಲಲ್ಲಿ ಬರೆದಿದ್ವಿ. ಅದಕ್ಕೆ ಬಂದಿರೋ ಪತ್ರ, ಮೇಲ್, ಮೆಸೇಜು ನೋಡಿದ್ರೆ ಈ ಸಲ ಬೇರೆ ಪ್ರಶ್ನೆ ತಗೊಳ್ಳೋ ಹಾಗೇ ಇಲ್ಲ, ಪೂರ್ತಿ ಅಂಕಣ ಇದಕ್ಕೇ. ಹೊಸಬರಿಗೆ ಹಿನ್ನೆಲೆ ಒಂದೆರಡು ಮಾತಲ್ಲಿ: ಸೊಲೊಮೋನ ಸತ್ತ ಮೇಲೆ ರಾಜ್ಯ ಒಡೆದು ಎರಡಾಯ್ತು, ಉತ್ತರಕ್ಕೆ ಇಸ್ರಾಯೇಲ್, ದಕ್ಷಿಣಕ್ಕೆ ಯೆಹೂದ. ದಕ್ಷಿಣದಲ್ಲಿ ದಾವೀದನ ವಂಶದವರೇ ಆಳ್ತಾ ಹೋದ್ರು. ಉತ್ತರದಲ್ಲಿ ಯಾರು ಯಾರನ್ನ ಕೊಂದ್ರೋ ಅವರೇ ರಾಜ. ಆ ಗಲಾಟೆ ಮಧ್ಯೆ ಕ್ರಿ.ಪೂ. 880ರ ಆಸುಪಾಸಲ್ಲಿ ಎದ್ದು ಕ್ರಿ.ಪೂ. 841ರ ಹೊತ್ತಿಗೆ ಮಣ್ಣುಪಾಲಾದ ಮನೆ ಒಮ್ರಿಯದ್ದು. ರಾಜರು ನಾಲ್ಕೇ ಜನ: ಒಮ್ರಿ, ಅವನ ಮಗ ಅಹಾಬ, ಅಹಾಬನ ಇಬ್ಬರು ಮಕ್ಕಳು ಅಹಜ್ಯ ಮತ್ತು ಯೋರಾಮ.

ಪ್ರಶ್ನೆ: ಅಹಾಬ, ಅವನ ಹೆಂಡತಿ ಈಜೆಬೆಲ್, ಇವರ ಹೆಸರು ಎಲ್ಲರಿಗೂ ಗೊತ್ತು. ಈ ಒಮ್ರಿ ಯಾರು ಸಾರ್? ಬೈಬಲ್ಲಿನಲ್ಲಿ ಹುಡುಕಿದ್ರೆ ಅರ್ಧ ಪುಟನೂ ಸಿಗಲ್ಲ, ಅಂಥವನ ಹೆಸರಲ್ಲಿ ಒಂದು ಮನೆತನ ಅಂತ ಯಾಕೆ ಕರೀತೀರಿ?

ಸಿಗಲ್ಲ ಅನ್ನೋದು ನಿಜ. 1 ಅರಸುಗಳು 16ನೇ ಅಧ್ಯಾಯದಲ್ಲಿ ಅವನ ಆಳ್ವಿಕೆಗೆ ಕೊಟ್ಟಿರೋದು ಆರೇ ಆರು ವಚನ, ಅದರಲ್ಲೂ ಅರ್ಧ ಬೈಗುಳ. ಹನ್ನೆರಡು ವರ್ಷ ಆಳ್ದ, ಒಂದು ಗುಡ್ಡ ಕೊಂಡ, ಹಿಂದಿನವರಿಗಿಂತ ಕೆಟ್ಟವನಾಗಿದ್ದ, ಸತ್ತ, ಮುಗೀತು.

ಆದ್ರೆ ಅವನು ಮೇಲೆ ಬಂದ ರೀತಿ ನೋಡಿ. ಏಲ ಅಂತ ಒಬ್ಬ ರಾಜ ತಿರ್ಚ ಪಟ್ಟಣದಲ್ಲಿ ತನ್ನ ಅರಮನೆ ಮೇಲ್ವಿಚಾರಕನ ಮನೆಯಲ್ಲಿ ಕುಡಿದು ಬಿದ್ದಿದ್ದಾಗ ಜಿಮ್ರಿ ಅನ್ನೋನು, ಅರ್ಧ ರಥದಳದ ಕಮಾಂಡರ್, ನುಗ್ಗಿ ಕೊಂದುಬಿಟ್ಟ, ಕೊಂದು ತಾನೇ ರಾಜ ಅಂತ ಕೂತ. ಆ ಟೈಮಲ್ಲಿ ಸೈನ್ಯ ಎಲ್ಲಾ ದೂರದ ಗಿಬ್ಬೆತೋನಿನಲ್ಲಿ ಫಿಲಿಷ್ಟಿಯರ ಊರಿಗೆ ಮುತ್ತಿಗೆ ಹಾಕ್ಕೊಂಡು ಕೂತಿತ್ತು. ಸುದ್ದಿ ಅಲ್ಲಿಗೆ ಮುಟ್ಟಿದ್ದೇ ತಡ ಸೈನಿಕರು ಅವತ್ತೇ, ಆ ಪಾಳೆಯದಲ್ಲೇ, ತಮ್ಮ ಸೇನಾಪತಿ ಒಮ್ರಿನ ರಾಜ ಮಾಡಿದ್ರು. ಮುತ್ತಿಗೆ ಬಿಟ್ಟು ವಾಪಸ್ ಬಂದು ತಿರ್ಚಕ್ಕೇ ಮುತ್ತಿಗೆ. ಜಿಮ್ರಿಗೆ ಇನ್ನು ಉಳಿಗಾಲ ಇಲ್ಲ ಅಂತ ಗೊತ್ತಾಗಿ ಅರಮನೆಗೆ ಬೆಂಕಿ ಇಟ್ಕೊಂಡು ಒಳಗೇ ಸುಟ್ಟುಹೋದ. ಅವನು ರಾಜನಾಗಿದ್ದು ಒಟ್ಟು ಏಳು ದಿನ. ಈ ಜಿಮ್ರಿ ಹೆಸರು ನೆನಪಿಟ್ಕೊಳ್ಳಿ, ಕೆಳಗೆ ಬೇಕಾಗುತ್ತೆ. ಅಷ್ಟಕ್ಕೂ ಮುಗೀಲಿಲ್ಲ, ಅರ್ಧ ಜನ ತಿಬ್ನಿ ಅನ್ನೋನ ಹಿಂದೆ ಹೋದ್ರು, ಸ್ವಲ್ಪ ಕಾಲ ಎರಡು ಬಣದ ಜಗಳ ನಡೀತು, ಕೊನೆಗೆ "ತಿಬ್ನಿ ಸತ್ತ, ಒಮ್ರಿ ಅರಸನಾದ" ಅಂತ ಒಂದೇ ವಾಕ್ಯದಲ್ಲಿ ಕಥೆಗಾರ ಮುಗಿಸ್ತಾನೆ. ಹೇಗೆ ಸತ್ತ ಅಂತ ಹೇಳಲ್ಲ. ಊಹೆ ಮಾಡ್ಕೊಳ್ಳಿ.

ಆಮೇಲೆ ಆ ಗುಡ್ಡ. ಶೆಮೆರ್ ಅನ್ನೋನ ಹತ್ರ ಎರಡು ತಲಾಂತು ಬೆಳ್ಳಿ ಕೊಟ್ಟು, ಅಂದ್ರೆ ಅರವತ್ತು ಕೆಜಿಗೂ ಮೇಲೆ ಬೆಳ್ಳಿ ಅಂದ್ಕೊಳ್ಳಿ, ಒಂದು ಗುಡ್ಡ ಕೊಂಡು ಅಲ್ಲಿ ಸಮಾರ್ಯ ಅನ್ನೋ ಹೊಸ ರಾಜಧಾನಿ ಕಟ್ಟಿಸ್ದ. ಸುತ್ತ ಕಣಿವೆ, ನಾಲ್ಕೂ ಕಡೆ ಇಳಿಜಾರು, ಮುತ್ತಿಗೆ ಹಾಕೋರಿಗೆ ಕಷ್ಟ, ಪಶ್ಚಿಮಕ್ಕೆ ಸಮುದ್ರತೀರದ ಕಡೆ ದಾರಿ ಸಲೀಸು. ಮುತ್ತಿಗೆ ಹಾಕಿ ರಾಜನಾದವನಿಗೆ ಎಂಥ ಜಾಗ ಬೇಕು ಅಂತ ಚೆನ್ನಾಗಿ ಗೊತ್ತಿತ್ತು ಬಿಡಿ. ಆ ಊರು ಅಲ್ಲಿಂದ ಸುಮಾರು 150 ವರ್ಷ, ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರದವರು (ಈಗಿನ ಉತ್ತರ ಇರಾಕಿನ ಕಡೆಯ ಸಾಮ್ರಾಜ್ಯ) ಹಿಡಿಯೋವರೆಗೂ ರಾಜಧಾನಿಯಾಗೇ ಇತ್ತು. ರಾಜರ ಮನೆತನಗಳು ಬಂದು ಹೋದ್ವು, ಗುಡ್ಡ ಬದಲಾಗಲಿಲ್ಲ.

ಒಮ್ರಿಯ ತೂಕ ಎಷ್ಟಿತ್ತು ಅಂತ ಗೊತ್ತಾಗೋದು ಅವನ ಶತ್ರುಗಳು ಕೆತ್ತಿಸಿದ ಕಲ್ಲುಗಳಿಂದ. ಮೋವಾಬಿನ ರಾಜ ಮೇಷ ನಿಲ್ಲಿಸಿದ ಕಲ್ಲು 1868ರಲ್ಲಿ ಈಗಿನ ಜೋರ್ಡನ್ ದೇಶದ ಧೀಬಾನಿನಲ್ಲಿ ಕಣ್ಣಿಗೆ ಬಿತ್ತು. ಅದರಲ್ಲಿ ಮೇಷ ಹೇಳೋದು, ಇಸ್ರಾಯೇಲಿನ ಅರಸ ಒಮ್ರಿ ಬಹಳ ಕಾಲ ಮೋವಾಬನ್ನ ಹಿಂಡಿದ, ಯಾಕಂದ್ರೆ ನಮ್ಮ ದೇವರು ಕೆಮೋಷನಿಗೆ ತನ್ನ ನಾಡಿನ ಮೇಲೇ ಸಿಟ್ಟು ಬಂದಿತ್ತು ಅಂತ. ಸೋಲಿಗೆ ಕಾರಣ ಹೇಳೋ ಧಾಟಿ ನೋಡಿ, ಯೆರೂಸಲೇಮಿನ ಲೇಖಕರು ಬರೆಯೋದೂ ಹೆಚ್ಚುಕಮ್ಮಿ ಹೀಗೇ, ದೇವರ ಹೆಸರು ಮಾತ್ರ ಬೇರೆ. ಇನ್ನು ಅಶ್ಶೂರದ ದಾಖಲೆಗಳಲ್ಲಂತೂ ಈ ವಂಶ ನಿರ್ನಾಮ ಆಗಿ ನೂರು ವರ್ಷ ಆದ್ಮೇಲೂ ಇಡೀ ದೇಶಕ್ಕೆ "ಒಮ್ರಿಯ ಮನೆ" ಅಂತಲೇ ಹೆಸರು. ಆರು ವಚನದ ರಾಜ!

ಪ್ರಶ್ನೆ: ಅಹಾಬ ಹೆಂಡತಿ ಮಾತಿಗೆ ತಲೆಯಾಡಿಸೋ ಪುಕ್ಕಲ ಅಂತಲೇ ಚಿಕ್ಕಂದಿನಿಂದ ಕೇಳಿದ್ದೀವಿ. ಹೌದಾ?

ಮನೇಲಿ ಹೇಗಿದ್ನೋ, ಯುದ್ಧಭೂಮಿಯಲ್ಲಂತೂ ಪುಕ್ಕಲ ಅಲ್ಲ. 1 ಅರಸುಗಳು 20ರಲ್ಲಿ ದಮಸ್ಕದ ರಾಜ ಬೆನ್ಹದದ ದೊಡ್ಡ ಸೈನ್ಯ ತಂದು ಸಮಾರ್ಯದ ಮುಂದೆ ಕೂತು ನಿನ್ನ ಊರನ್ನ ಪುಡಿ ಮಾಡ್ತೀನಿ ಅಂತ ಬಡಾಯಿ ಕೊಚ್ಚಿದಾಗ ಅಹಾಬ ಕಳಿಸಿದ ಉತ್ತರ ಇದು: ನಡು ಕಟ್ಟಿಕೊಳ್ಳೋನು ನಡು ಬಿಚ್ಚುವವನ ಹಾಗೆ ಕೊಚ್ಕೋಬಾರದು. ಅಂದ್ರೆ ಮೊದಲು ಗೆದ್ದು ಬಾ, ಆಮೇಲೆ ಮಾತಾಡು ಅಂತ. ಇಡೀ ಅಧ್ಯಾಯದಲ್ಲಿ ನನಗೆ ಇಷ್ಟವಾದ ಮಾತು ಅದೇ, ಪಾಪ ಅದು ವಿಲನ್ ಬಾಯಲ್ಲಿ ಬಂದಿದೆ. ಗೆದ್ದ ಮೇಲೆ ಬೆನ್ಹದದನ್ನ ಕೊಲ್ಲದೆ "ಅವನು ನನ್ನ ತಮ್ಮ" ಅಂದು ರಥಕ್ಕೆ ಹತ್ತಿಸ್ಕೊಂಡು ದಮಸ್ಕದ ಪೇಟೆಯಲ್ಲಿ ವ್ಯಾಪಾರದ ಹಕ್ಕು ಬರೆಸ್ಕೊಂಡ. ಒಬ್ಬ ಪ್ರವಾದಿಗೆ ಅದು ತಪ್ಪಾಗಿ ಕಾಣ್ತು, ಬೈದ. ರಾಜಕಾರಣದ ಕಣ್ಣಲ್ಲಿ ನೋಡಿದ್ರೆ ಅದು ಒಳ್ಳೇ ಡೀಲ್, ಯಾಕೆ ಅಂತೀರಾ, ಪೂರ್ವದಿಂದ ಅಶ್ಶೂರ ಬರ್ತಾ ಇತ್ತು.

ಇದು ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ, ಗಮನಿಸಿ. ಕ್ರಿ.ಪೂ. 853ರಲ್ಲಿ ಸಿರಿಯಾದ ಒರೊಂಟಿಸ್ ನದಿ ಹತ್ರ ಕರ್ಕರ್ ಅನ್ನೋ ಕಡೆ ಅಶ್ಶೂರದ ಮೂರನೇ ಶಲ್ಮನೆಸೆರ್‌ಗೆ ಅಡ್ಡ ನಿಂತ ರಾಜರ ಕೂಟದಲ್ಲಿ ಅಹಾಬನೂ ಇದ್ದ. ಶಲ್ಮನೆಸೆರ್ ತಾನೇ ಕೆತ್ತಿಸಿದ ಲೆಕ್ಕ ಹೀಗಿದೆ: ದಮಸ್ಕದ ರಾಜನ ಹತ್ರ 1,200 ರಥ, ಹಮಾತಿನವನ ಹತ್ರ 700, ಇಸ್ರಾಯೇಲಿನ ಅಹಾಬನ ಹತ್ರ 2,000 ರಥ, 10,000 ಕಾಲಾಳು. ರಥದ ಲೆಕ್ಕದಲ್ಲಿ ಅಹಾಬನೇ ಎಲ್ಲರಿಗಿಂತ ಮೇಲೆ. ಈ ಸಂಖ್ಯೆ ಜಾಸ್ತಿ ಆಯ್ತು ಅಂತ ಅನೇಕ ವಿದ್ವಾಂಸರು ತಲೆ ಕೆರ್ಕೋತಾರೆ, ಗೆದ್ದೆ ಅಂತ ಹೇಳ್ಕೊಳ್ಳೋ ರಾಜ ಶತ್ರುವನ್ನ ದೊಡ್ಡದಾಗಿ ತೋರಿಸೋದು ಹೊಸದೇನಲ್ಲ. ಆದ್ರೂ ಅರ್ಧಕ್ಕೆ ಇಳಿಸಿದ್ರೂ ಅದು ಪುಟ್ಟ ರಾಜ್ಯದ ಸೈನ್ಯ ಅಲ್ಲ. ಗೆದ್ದೆ ಅಂತ ಕೆತ್ತಿಸಿದ ಶಲ್ಮನೆಸೆರ್ ಅದೇ ಜನರ ಮೇಲೆ ಕ್ರಿ.ಪೂ. 849, 848, 845ರಲ್ಲಿ ಮತ್ತೆ ಮತ್ತೆ ಬರಬೇಕಾಯ್ತು. ಗೆದ್ದವನು ಅಷ್ಟು ಸಲ ಬರ್ತಾನಾ?

ಹಾಗಾದ್ರೆ ಬೈಬಲ್ ಇದನ್ನ ಯಾಕೆ ಬಿಡ್ತು ಅಂದ್ರೆ, ಅರಸುಗಳು ಪುಸ್ತಕ ಬರೆದವರು ರಾಜರನ್ನ ಅಳೆಯೋಕೆ ಒಂದೇ ಕೋಲು ಇಟ್ಕೊಂಡಿದ್ರು: ಯೆಹೋವನನ್ನ ಮಾತ್ರ ಪೂಜಿಸಿದ್ನಾ ಇಲ್ವಾ. ಅಹಾಬ ಸಮಾರ್ಯದಲ್ಲಿ ಬಾಳ ಅನ್ನೋ ಬೇರೆ ದೇವರಿಗೆ ಗುಡಿ ಕಟ್ಟಿಸ್ದ, ಫೇಲ್. ಕಟ್ಟಿದ ಊರುಗಳು, ದಂತದ ಅರಮನೆ ಇವಕ್ಕೆಲ್ಲ 22ನೇ ಅಧ್ಯಾಯದ ಕೊನೆಯಲ್ಲಿ ಒಂದೇ ವಾಕ್ಯ. ಆ ದಂತದ ಮಾತು ಉತ್ಪ್ರೇಕ್ಷೆ ಅಂದ್ಕೊಂಡಿದ್ದವರಿಗೆ 1930ರ ದಶಕದಲ್ಲಿ ಸಮಾರ್ಯದ ಉತ್ಖನನದಲ್ಲಿ ಕೆತ್ತನೆಯ ದಂತದ ತುಂಡುಗಳು ರಾಶಿ ಸಿಕ್ಕಿದ್ವು, ಕಮಲ, ರೆಕ್ಕೆ ಇರೋ ಸಿಂಹ, ಈಜಿಪ್ಟಿನ ದೇವರುಗಳು, ಎಲ್ಲಾ ಪೀಠೋಪಕರಣಕ್ಕೆ ಕೂರಿಸೋ ಅಲಂಕಾರ. ಇವೆಲ್ಲ ಅಹಾಬನ ಕಾಲದ್ದೇ ಅನ್ನೋ ಹಾಗಿಲ್ಲ, ಕೆಲವು ನಂತರದ ಶತಮಾನದ್ದು ಅಂತಾರೆ, ಆದ್ರೆ ಆ ಗುಡ್ಡದ ಮೇಲೆ ಎಂಥ ಶೋಕಿ ನಡೀತಿತ್ತು ಅಂತ ಗೊತ್ತಾಗೋಕೆ ಸಾಕು.

ಪ್ರಶ್ನೆ: ರಾಜ ಅಂದ್ಮೇಲೆ ಒಂದು ತೋಟ ತಗೊಳ್ಳೋಕೆ ಇಷ್ಟೆಲ್ಲ ನಾಟಕ ಯಾಕೆ? ನಾಬೋತನೂ ಹಟ ಮಾಡಿದ್ದು ಜಾಸ್ತಿ ಆಯ್ತು ಅನ್ಸುತ್ತೆ, ಬದಲಿಗೆ ಇನ್ನೂ ಒಳ್ಳೇ ತೋಟ ಕೊಡ್ತೀನಿ ಅಂದಿದ್ನಲ್ಲ ರಾಜ?

ಇದೇ ಕಥೆಯ ಹೊಟ್ಟೆ, ಸ್ವಲ್ಪ ನಿಧಾನ ಹೋಗೋಣ. ಇಜ್ರೇಲಿನಲ್ಲಿ ಅಹಾಬನಿಗೆ ಎರಡನೇ ಅರಮನೆ, ಪಕ್ಕದಲ್ಲೇ ನಾಬೋತನ ತೋಟ. ತರಕಾರಿ ಬೆಳೆಯೋಕೆ ಬೇಕು, ಬೇರೆ ತೋಟ ಕೊಡ್ತೀನಿ, ಇಲ್ಲ ಬೆಲೆ ಕೊಡ್ತೀನಿ ಅಂದ ರಾಜ. ಮಾತಿನಲ್ಲಿ ತಪ್ಪೇನಿಲ್ಲ. ನಾಬೋತ ಹೇಳಿದ್ದು, ಪಿತ್ರಾರ್ಜಿತ ಭೂಮಿ, ಕೊಡೋ ಹಾಗಿಲ್ಲ. ಅದು ಬರೀ ಹಟ ಅಲ್ಲ. ಆ ಜನರ ನಿಯಮದಲ್ಲಿ ಭೂಮಿ ಒಬ್ಬನದಲ್ಲ, ಕುಲದ್ದು. ಬಡತನಕ್ಕೆ ಮಾರಿದ್ರೂ ಸಂಬಂಧಿಕರು ಬಿಡಿಸ್ಕೊಳ್ಳಬಹುದು, ಐವತ್ತು ವರ್ಷಕ್ಕೊಮ್ಮೆ ಬರೋ ಜೂಬಿಲಿ ವರ್ಷದಲ್ಲಿ ವಾಪಸ್ ಬರಬೇಕು ಅಂತ ಯಾಜಕಕಾಂಡದ 25ನೇ ಅಧ್ಯಾಯದಲ್ಲಿದೆ. ಆ ಲೆಕ್ಕದಲ್ಲಿ ರಾಜನೂ ಒಬ್ಬ ಅಕ್ಕಪಕ್ಕದವನು ಅಷ್ಟೇ. ಅದು ಅಹಾಬನಿಗೆ ಗೊತ್ತು, ಅದಕ್ಕೇ ಏನೂ ಮಾಡಕ್ಕಾಗದೆ ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡ್ಕೊಂಡು ಊಟ ಬಿಟ್ಟು ಮಲಗ್ದ. ಮುನಿಸ್ಕೊಂಡ ಮಗು ಹಾಗೆ.

ಈಜೆಬೆಲ್ ಬೆಳೆದ ಮನೆ ಬೇರೆ. ಅಪ್ಪ ಎತ್ಬಾಳ ಈಗಿನ ಲೆಬನಾನ್ ಕರಾವಳಿಯ ಚೀದೋನ್ಯರ ರಾಜ, ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಹಳೇ ದಾಖಲೆ ಉಲ್ಲೇಖಿಸಿ ಹೇಳೋ ಪ್ರಕಾರ ಅವನು ಮೊದಲು ದೇವಿಯ ಪೂಜಾರಿಯಾಗಿದ್ದು ಹಿಂದಿನ ರಾಜನ್ನ ಕೊಂದು ಪಟ್ಟಕ್ಕೆ ಬಂದವನು. ಬೀಗರಿಬ್ಬರೂ ಗದ್ದುಗೆ ಕಸಿದೇ ರಾಜರಾದವರು, ಸಂಬಂಧ ಚೆನ್ನಾಗೇ ಕೂಡಿತ್ತು. ಅವಳು ಗಂಡನ್ನ ಕೇಳಿದ್ದು ಒಂದೇ: ಇಸ್ರಾಯೇಲನ್ನ ಆಳ್ತಿರೋನು ನೀನೇ ತಾನೇ? ಏಳು, ಊಟ ಮಾಡು, ತೋಟ ನಾನು ಕೊಡಿಸ್ತೀನಿ.

ಅವಳು ಸೈನಿಕರನ್ನ ಕಳಿಸಲಿಲ್ಲ ಅನ್ನೋದು ಗಮನಿಸಬೇಕಾದ ವಿಷಯ. ಅಹಾಬನ ಹೆಸರಲ್ಲಿ ಲೆಟರ್ ಬರೆದು ಅವನ ಮುದ್ರೆ ಒತ್ತಿ ನಾಬೋತನ ಊರಿನ ಹಿರಿಯರಿಗೇ ಕಳಿಸಿದ್ಳು. ಉಪವಾಸದ ದಿನ ಸಾರಿ, ನಾಬೋತನ್ನ ಎಲ್ಲರ ಮುಂದೆ ಗೌರವದ ಜಾಗದಲ್ಲಿ ಕೂರಿಸಿ, ಎದುರಿಗೆ ಇಬ್ಬರು ಪೋಲಿಗಳನ್ನ ಕೂರಿಸಿ, ದೇವರನ್ನೂ ರಾಜನನ್ನೂ ಶಪಿಸ್ದ ಅಂತ ಸಾಕ್ಷಿ ಹೇಳಿಸಿ, ಕಲ್ಲೆಸೆದು ಕೊಲ್ಲಿ. ಯಾಕೆ ಇಬ್ಬರು? ಒಬ್ಬನ ಸಾಕ್ಷಿ ಮೇಲೆ ಮರಣದಂಡನೆ ಕೊಡೋ ಹಾಗಿಲ್ಲ, ಇಬ್ಬರಾದ್ರೂ ಬೇಕು ಅನ್ನೋದು ಕಾನೂನು. ಪರದೇಶದ ಹೆಣ್ಣು, ಇಸ್ರಾಯೇಲಿನ ಕಾನೂನನ್ನ ಚಾಚೂ ತಪ್ಪದೆ ಪಾಲಿಸ್ತಾಳೆ, ಕೊಲೆಗೆ. ಹಿರಿಯರು ಒಬ್ಬರೂ ಉಸಿರೆತ್ತಲಿಲ್ಲ, ಹೇಳಿದ್ದು ಹೇಳಿದ ಹಾಗೆ ಮಾಡಿ "ನಾಬೋತ ಸತ್ತ" ಅಂತ ವರದಿ ಕಳಿಸಿದ್ರು. ವರದಿ ಹೋಗಿದ್ದು ಯಾರಿಗೆ ಗೊತ್ತಾ? ಲೆಟರ್ ಅಹಾಬನ ಹೆಸರಲ್ಲಿತ್ತು, ವರದಿ ಹೋಗಿದ್ದು ಈಜೆಬೆಲಳಿಗೆ. ಊರಿಗೆಲ್ಲ ಗೊತ್ತಿತ್ತು ಅಂತ ಆಯ್ತು.

ಒಂದು ಸಣ್ಣ ಸಂದೇಹ ಉಳಿಯುತ್ತೆ, ನಾಬೋತ ಸತ್ರೆ ಅವನ ಮಕ್ಕಳಿಗೆ ತೋಟ ಹೋಗಬೇಕಿತ್ತಲ್ಲ? ಅದಕ್ಕೆ ಉತ್ತರ ಈ ಅಧ್ಯಾಯದಲ್ಲಿಲ್ಲ, ತುಂಬಾ ಮುಂದೆ 2 ಅರಸುಗಳು 9:26ರಲ್ಲಿ ಬೇರೇನೋ ಹೇಳ್ತಾ ಬಾಯಿತಪ್ಪಿ ಬಂದ ಹಾಗೆ ಬಂದಿದೆ: ನಾಬೋತನ ರಕ್ತ, ಮತ್ತು ಅವನ ಮಕ್ಕಳ ರಕ್ತ. ಅಂದ್ರೆ ವಾರಸುದಾರರನ್ನೂ ಮುಗಿಸಿದ್ರು. ನನಗಂತೂ ಈ ಮನೆಯ ಮೇಲೆ ಬಂದ ಆರೋಪಗಳಲ್ಲೆಲ್ಲ ಇದೇ ದೊಡ್ಡದು, ಬಾಳನ ಗುಡಿ ಅಲ್ಲ. ಎಲೀಯ ಪ್ರವಾದಿ ತೋಟಕ್ಕೇ ಬಂದು ಎದುರು ನಿಂತು ಕೇಳಿದ್ದೂ ಬಾಳನ ವಿಷಯ ಅಲ್ಲ: ಕೊಲೆ ಮಾಡಿ ಆಸ್ತಿನೂ ತಗೊಂಡ್ಯಾ? ನಿನ್ನ ಮನೆಯಲ್ಲಿ ಗಂಡಸೊಬ್ಬ ಉಳಿಯಲ್ಲ ಅಂತ ಶಾಪ ಹಾಕ್ದ. ಅಹಾಬ ಗೋಣಿತಟ್ಟು ಉಟ್ಕೊಂಡು ತಗ್ಗಿ ನಡೆದ, ಅದಕ್ಕೆ ಶಿಕ್ಷೆ ಅವನ ಮಗನ ಕಾಲಕ್ಕೆ ಮುಂದೂಡಲಾಯ್ತು ಅಂತ ಬರುತ್ತೆ. ಮಗ ಏನು ಮಾಡಿದ್ದ ಪಾಪ ಅಂತ ಕೇಳ್ಬೇಡಿ.

ಪ್ರಶ್ನೆ: ಯೋರಾಮ ಅಂತ ಎರಡು ಜನ, ಅಹಜ್ಯ ಅಂತ ಎರಡು ಜನ. ಓದ್ತಾ ಓದ್ತಾ ತಲೆ ಗಿರ್ ಅಂತು. ಸ್ವಲ್ಪ ಬಿಡಿಸಿ ಹೇಳಿ.

ಎಲ್ಲರಿಗೂ ಆಗೋದೇ. ಅಹಾಬನ ಮಗಳು ಅತಲ್ಯಳನ್ನ ದಕ್ಷಿಣದ ಯೆಹೂದದ ರಾಜಕುಮಾರ ಯೋರಾಮನಿಗೆ ಕೊಟ್ರು, ಅದು ಎರಡು ರಾಜ್ಯದ ನಡುವಿನ ಸಂಧಾನದ ಮದುವೆ. ಅವಳ ಅಣ್ಣತಮ್ಮಂದಿರ ಹೆಸರು ಅಹಜ್ಯ, ಯೋರಾಮ. ಅವಳ ಗಂಡನ ಹೆಸರು ಯೋರಾಮ, ಮಗನ ಹೆಸರು ಅಹಜ್ಯ. ಉತ್ತರದ ಅಹಜ್ಯ ಸಮಾರ್ಯದ ಅರಮನೆ ಮಹಡಿ ಜಾಲರಿಯಿಂದ ಬಿದ್ದು ಗಾಯ ಆಗಿ ಸತ್ತ, ಮಕ್ಕಳಿರಲಿಲ್ಲ, ತಮ್ಮ ಯೋರಾಮ ರಾಜನಾದ. ಉತ್ತರದ ಯೋರಾಮನೂ ದಕ್ಷಿಣದ ಅಹಜ್ಯನೂ ಸೋದರಮಾವ ಅಳಿಯ. ಇಷ್ಟು ಸಾಕು ಮುಂದಕ್ಕೆ ಹೋಗೋಕೆ.

ಅಂದಹಾಗೆ ಅಹಾಬ ಸತ್ತಿದ್ದು ರಾಮೋತ್ ಗಿಲ್ಯಾದಿನ ಯುದ್ಧದಲ್ಲಿ, ವೇಷ ಮರೆಸ್ಕೊಂಡು ಹೋಗಿದ್ರೂ ಯಾರೋ ಗುರಿಯಿಲ್ಲದೆ ಬಿಟ್ಟ ಬಾಣ ಕವಚದ ಸಂದಿಗೆ ನಾಟ್ತು. ಸೈನ್ಯ ಧೈರ್ಯ ಕಳ್ಕೋಬಾರದು ಅಂತ ಸಾಯಂಕಾಲದವರೆಗೆ ರಥದಲ್ಲೇ ಆನಿಸಿ ನಿಲ್ಲಿಸಿದ್ರು, ಸೂರ್ಯ ಮುಳುಗೋ ಹೊತ್ತಿಗೆ ಸತ್ತ. ಪುಕ್ಕಲ ಅಂದ್ರಲ್ಲ ಆಗ, ಅವರಿಗೆ ಇದನ್ನೂ ಹೇಳಿದ ಹಾಗಾಯ್ತು.

ಪ್ರಶ್ನೆ: ಈಜೆಬೆಲ್ ಸಾಯೋ ಮುಂಚೆ ಕಾಡಿಗೆ ಹಚ್ಕೊಂಡು ಕಿಟಕಿಯಲ್ಲಿ ನಿಂತಿದ್ದು ಯೇಹುವನ್ನ ಮರುಳು ಮಾಡೋಕೆ ಅಂತ ಪ್ರವಚನದಲ್ಲಿ ಕೇಳಿದ್ದೆ. ನಿಜಾನಾ ಮೇಡಂ? (ಅಂಕಣ ಬರೆಯೋರು ಮೇಡಂ ಅಂದ್ಕೊಂಡಿದ್ದೀನಿ.)

ಯಾರಾದ್ರೂ ಆಗಲಿ ಬಿಡಿ. ಪ್ರಶ್ನೆಗೆ ಉತ್ತರ, ಇಲ್ಲ. ಅವತ್ತು ಏನಾಗಿತ್ತು ನೋಡಿ. ರಾಮೋತ್ ಗಿಲ್ಯಾದಿನಲ್ಲಿ ಗಾಯಗೊಂಡ ಯೋರಾಮ ಇಜ್ರೇಲಿಗೆ ಬಂದು ಸುಧಾರಿಸ್ಕೋತಿದ್ದ, ಅಳಿಯ ಅಹಜ್ಯ ಮಾವನ್ನ ನೋಡೋಕೆ ಯೆರೂಸಲೇಮಿಂದ ಬಂದಿದ್ದ. ಅಲ್ಲಿ ಗಡಿಯ ಪಾಳೆಯದಲ್ಲಿ ಎಲೀಷ ಪ್ರವಾದಿ ಕಳಿಸಿದ ಒಬ್ಬ ಹುಡುಗ ಯೇಹು ಅನ್ನೋ ಸೇನಾಪತಿ ತಲೆ ಮೇಲೆ ಎಣ್ಣೆ ಸುರಿದು ನೀನೇ ರಾಜ ಅಂದು ಬಾಗಿಲು ತೆಗೆದು ಓಡಿಹೋದ. ಜೊತೆ ಸೇನಾಪತಿಗಳು ತಮ್ಮ ಬಟ್ಟೆ ಬಿಚ್ಚಿ ಮೆಟ್ಟಿಲ ಮೇಲೆ ಹಾಸಿ ಕೊಂಬೂದಿ ಯೇಹು ರಾಜ ಅಂತ ಕೂಗಿದ್ರು. ಒಮ್ರಿ ರಾಜನಾಗಿದ್ದೂ ಹೀಗೇ ಅಲ್ವಾ, ಪಾಳೆಯದಲ್ಲಿ, ಸೈನ್ಯದ ಕೂಗಿನಿಂದ? ತಾತನನ್ನ ಎತ್ತಿದ ಸೈನ್ಯವೇ ಮೊಮ್ಮಗನನ್ನ ಇಳಿಸ್ತು.

ಇಜ್ರೇಲಿನ ಬುರುಜಿನ ಮೇಲಿದ್ದ ಕಾವಲುಗಾರ ದೂರದಲ್ಲಿ ದಂಡು ಬರೋದು ಕಂಡ. ಕೇಳ್ಕೊಂಡು ಬರೋಕೆ ಒಬ್ಬ ಕುದುರೆ ಸವಾರ ಹೋದ, ವಾಪಸ್ ಬರಲಿಲ್ಲ. ಇನ್ನೊಬ್ಬ ಹೋದ, ಅವನೂ ಇಲ್ಲ. ರಥ ಓಡಿಸೋ ರೀತಿ ನೋಡಿದ್ರೆ ಯೇಹು ಇರಬೇಕು, ಹುಚ್ಚನ ಹಾಗೆ ಓಡಿಸ್ತಾನೆ ಅಂದ ಕಾವಲುಗಾರ. ರಾಜನೇ ರಥ ಹತ್ತಿ ಹೋದ, ಎದುರಾಗಿದ್ದು ನಾಬೋತನ ಹೊಲದ ಹತ್ರ. ಯೇಹುವಿನ ಬಾಣ ಯೋರಾಮನ ಬೆನ್ನಿಂದ ಹೊಕ್ಕು ಎದೆಯಲ್ಲಿ ಬಂತು, ಹೆಣನ ಅದೇ ಹೊಲಕ್ಕೆ ಎಸೆದ್ರು. ಅಹಜ್ಯ ಓಡಿದ, ಗಾಯ ಆಗಿ ಮೆಗಿದ್ದೋದಲ್ಲಿ ಸತ್ತ.

ಈ ಸುದ್ದಿ ಕೇಳಿದ ಮೇಲೆ ಆ ಹೆಂಗಸು ಕಾಡಿಗೆ ಹಚ್ಚಿ ತಲೆ ಸಿಂಗರಿಸ್ಕೊಂಡು ಕಿಟಕಿಗೆ ಬರ್ತಾಳೆ. ಹನ್ನೆರಡು ವರ್ಷ ರಾಜನಾಗಿದ್ದ ಮಗನ ತಾಯಿ, ವಯಸ್ಸು ಲೆಕ್ಕ ಹಾಕ್ಕೊಳ್ಳಿ. ಮರುಳು ಮಾಡೋಳು ಆಡೋ ಮಾತಾ ಇದು: "ಕ್ಷೇಮವೋ ಜಿಮ್ರಿ, ಒಡೆಯನನ್ನ ಕೊಂದವನೇ?" ಏಳು ದಿನದ ಜಿಮ್ರಿ ಹೆಸರು ನೆನಪಿಟ್ಕೊಳ್ಳಿ ಅಂದಿದ್ದೆ ನೋಡಿ, ಅವನೇ. ನಿನ್ನ ಗತಿನೂ ಏಳೇ ದಿನ ಅಂತ ಚುಚ್ಚಿದ್ದು. ಅವಳು ರಾಣಿಯ ಹಾಗೆ ಸಾಯೋಕೆ ರೆಡಿಯಾಗಿ ಬಂದಿದ್ಳು, ಅಷ್ಟೇ. ಯೇಹು ಮೇಲೆ ನೋಡಿ ನನ್ನ ಕಡೆ ಯಾರಿದ್ದೀರಿ ಅಂದ, ಎರಡು ಮೂರು ಜನ ಅಂತಃಪುರದ ನೌಕರರು ಇಣುಕಿದ್ರು, ತಳ್ಳಿ ಅಂದ, ತಳ್ಳಿದ್ರು. ಕುದುರೆಗಳು ತುಳಿದ್ವು. ಯೇಹು ಒಳಗೆ ಹೋಗಿ ಊಟ ಮಾಡಿ ಕುಡಿದು ಆಮೇಲೆ, ಎಷ್ಟಾದ್ರೂ ರಾಜನ ಮಗಳು, ಹೂಳಿ ಅಂದ. ಹೋಗಿ ನೋಡಿದ್ರೆ ತಲೆಬುರುಡೆ, ಪಾದ, ಅಂಗೈ ಮಾತ್ರ ಉಳಿದಿತ್ತು, ಮಿಕ್ಕಿದ್ದು ನಾಯಿಪಾಲು. ಆ ಊಟ ಮಾಡ್ದ ಅನ್ನೋ ವಿವರ ಹಾಕಿರೋ ಲೇಖಕ ಸಾಮಾನ್ಯದವನಲ್ಲ.

ಜಿಮ್ರಿ ಅಂತ ಅವಳು ಚುಚ್ಚಿದ್ದು ಮಾತ್ರ ಫಲಿಸಲಿಲ್ಲ. ಯೇಹು 28 ವರ್ಷ ಆಳ್ದ.

ಪ್ರಶ್ನೆ: ಹಾಗಾದ್ರೆ ಯೇಹು ಒಳ್ಳೆಯವನೋ ಕೆಟ್ಟವನೋ? ದೇವರೇ ಹೇಳಿ ಮಾಡಿಸಿದ್ದು ಅಂದ್ಮೇಲೆ ಪ್ರಶ್ನೆ ಕೇಳಬಾರದಾ?

ಕೇಳಬಹುದು, ಅದೇ ಗ್ರಂಥದ ಒಳಗೇ ಕೇಳಿದ್ದಾರೆ. ಮೊದಲು ಅವನು ಮಾಡಿದ್ದು ನೋಡಿ. ಸಮಾರ್ಯದಲ್ಲಿ ಅಹಾಬನ ಮನೆಯ 70 ಗಂಡುಮಕ್ಕಳಿದ್ರು. ಯೇಹು ಅಲ್ಲಿಗೆ ಹೋಗಲಿಲ್ಲ, ಲೆಟರ್ ಬರೆದ, ಹಿರಿಯರಿಗೆ ಮತ್ತು ಮಕ್ಕಳನ್ನ ಸಾಕ್ತಿದ್ದವರಿಗೆ. ನಿಮ್ಮಲ್ಲಿ ಯೋಗ್ಯನಾದ ಒಬ್ಬನನ್ನ ರಾಜ ಮಾಡಿ, ಯುದ್ಧಕ್ಕೆ ಬನ್ನಿ ಅಂತ. ಅವರು ಹೆದರಿ ನೀನು ಹೇಳಿದ ಹಾಗೆ ಕೇಳ್ತೀವಿ ಅಂದ್ರು. ಎರಡನೇ ಲೆಟರ್: ನಾಳೆ ಈ ಹೊತ್ತಿಗೆ ತಲೆಗಳನ್ನ ತನ್ನಿ. ಬುಟ್ಟಿಗಳಲ್ಲಿ ಬಂದ್ವು. ಊರಬಾಗಿಲಲ್ಲಿ ಎರಡು ರಾಶಿ ಹಾಕಿಸಿ ಬೆಳಿಗ್ಗೆ ಜನರ ಮುಂದೆ ನಿಂತು ಹೇಳ್ತಾನೆ, ನನ್ನ ಒಡೆಯನ್ನ ಕೊಂದವನು ನಾನೇ ಸರಿ, ಆದ್ರೆ ಇವರನ್ನೆಲ್ಲ ಕೊಂದವರು ಯಾರು? ಈಜೆಬೆಲ್ ನಾಬೋತನಿಗೆ ಬಳಸಿದ ಉಪಾಯವೇ ಇದು, ಲೆಟರ್, ಹೆದರಿದ ಹಿರಿಯರು, ಕೈಗೆ ರಕ್ತ ಅಂಟದ ರಾಜ. ಗುರು ಮೀರಿಸಿದ ಶಿಷ್ಯ. ದಾರಿಯಲ್ಲಿ ಸಿಕ್ಕ ಅಹಜ್ಯನ ಬಂಧುಗಳು 42 ಜನ, ಅವರೂ ಹೋದ್ರು. ಬಾಳನ ಭಕ್ತರನ್ನೆಲ್ಲ ದೊಡ್ಡ ಪೂಜೆ ಇದೆ ಅಂತ ಗುಡಿಗೆ ಕರೆಸಿ ಕೊಲ್ಲಿಸಿ ಆ ಗುಡಿನ ಪಾಯಿಖಾನೆ ಮಾಡಿಸ್ದ.

ಅರಸುಗಳು ಪುಸ್ತಕ ಅವನಿಗೆ ಶಹಭಾಸ್ ಹೇಳಿ ನಾಲ್ಕು ತಲೆಮಾರು ಪಟ್ಟ ಅಂತ ಬಹುಮಾನ ಕೊಡುತ್ತೆ. ಆದ್ರೆ ನೂರು ವರ್ಷದ ಹತ್ರ ಕಳೆದ ಮೇಲೆ ಹೋಶೇಯ ಪ್ರವಾದಿ ತನ್ನ ಮಗನಿಗೆ ಇಜ್ರೇಲ್ ಅಂತಲೇ ಹೆಸರಿಟ್ಟು, ಇಜ್ರೇಲಿನ ರಕ್ತಕ್ಕಾಗಿ ಯೇಹುವಿನ ಮನೆಗೆ ಶಿಕ್ಷೆ ಬರುತ್ತೆ ಅಂತ ಸಾರ್ತಾನೆ. ಒಂದೇ ಧರ್ಮಗ್ರಂಥ, ಒಂದೇ ಘಟನೆ, ಎರಡು ತೀರ್ಪು. ನನ್ನ ಓಟು ಹೋಶೇಯನಿಗೆ.

ಇನ್ನು ಕಲ್ಲುಗಳ ಕಡೆಯಿಂದ ಒಂದು ತಕರಾರಿದೆ. 1993 ಮತ್ತು 1994ರಲ್ಲಿ ಇಸ್ರೇಲ್ ದೇಶದ ಉತ್ತರದ ಟೆಲ್ ದಾನ್‌ನಲ್ಲಿ ಸಿಕ್ಕ ಅರಾಮಿಕ್ ಶಾಸನದ ತುಂಡುಗಳಲ್ಲಿ ಒಬ್ಬ ಅರಾಮ್ಯ ರಾಜ, ಬಹುಶಃ ದಮಸ್ಕದ ಹಜಾಯೇಲ, ಇಸ್ರಾಯೇಲಿನ ರಾಜನನ್ನೂ ದಾವೀದನ ಮನೆತನದ ರಾಜನನ್ನೂ ಕೊಂದವನು ನಾನು ಅಂತಾನೆ. ಹೆಸರುಗಳು ಅರ್ಧಂಬರ್ಧ ಒಡೆದುಹೋಗಿವೆ, ಉಳಿದ ಅಕ್ಷರ ಸೇರಿಸಿ ಓದಿದ್ರೆ ಯೋರಾಮ, ಅಹಜ್ಯ ಅನ್ನೋದು ಹೆಚ್ಚಿನವರ ಓದು. ಹಾಗಾದ್ರೆ ಕೊಂದಿದ್ದು ಯೇಹುನಾ, ಹಜಾಯೇಲನಾ? ಯೇಹು ಅವನ ಜೊತೆ ಒಳಗೊಳಗೇ ಶಾಮೀಲಾಗಿದ್ದ ಅಂತ ಕೆಲವರು, ಹಜಾಯೇಲ ಬೇರೆಯವರ ಕೆಲಸನ ತನ್ನ ಖಾತೆಗೆ ಹಾಕ್ಕೊಂಡ ಅಂತ ಕೆಲವರು. ಎರಡೂ ನಂಬೋ ಹಾಗಿದೆ.

ಕ್ರಿ.ಪೂ. 841ರಲ್ಲಿ ಅದೇ ಯೇಹು ಶಲ್ಮನೆಸೆರ್‌ಗೆ ಬೆಳ್ಳಿ, ಬಂಗಾರ, ಬಂಗಾರದ ಪಾತ್ರೆ ಕಪ್ಪ ಒಪ್ಪಿಸ್ದ. ಅಹಾಬ 2,000 ರಥ ತಗೊಂಡು ಎದುರು ನಿಂತಿದ್ದ ದೊರೆ ಅವನು, ಹನ್ನೆರಡು ವರ್ಷದಲ್ಲಿ ಅವನ ಕಾಲಡಿ ಇಸ್ರಾಯೇಲಿನ ರಾಜ ನೆಲಕ್ಕೆ ಹಣೆ ಹಚ್ಚೋ ಸ್ಥಿತಿ. ಕಪ್ಪು ಕಲ್ಲಿನ ಕಂಬದ ಮೇಲೆ ಆ ಚಿತ್ರ ಇದೆ, ಪಕ್ಕದ ಬರಹದಲ್ಲಿ ಅವನನ್ನ ಕರೆದಿರೋದು "ಒಮ್ರಿಯ ಮಗ ಯೇಹು" ಅಂತ. ಒಮ್ರಿಯ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಬುಟ್ಟಿಗೆ ಹಾಕಿಸಿದವನು!

ಪ್ರಶ್ನೆ: ಮನೆಯಲ್ಲಿ ಒಬ್ಬ ಗಂಡಸೂ ಉಳಿಯಲ್ಲ ಅಂತ ಎಲೀಯ ಹೇಳಿದ್ದು ಪೂರ್ತಿ ನಿಜವಾಯ್ತಾ?

ಉತ್ತರದಲ್ಲಿ ಆಯ್ತು. ದಕ್ಷಿಣದಲ್ಲಿ ಅತಲ್ಯ ಇದ್ದಳಲ್ಲ. ಮಗ ಅಹಜ್ಯ ಸತ್ತ ಸುದ್ದಿ ಬಂದ ಕೂಡ್ಲೆ ಅವಳು ರಾಜವಂಶದವರನ್ನೆಲ್ಲ ಕೊಲ್ಲಿಸಿ ತಾನೇ ಪಟ್ಟಕ್ಕೆ ಕೂತಳು. ಯೆಹೂದವನ್ನ ಸ್ವಂತ ಅಧಿಕಾರದಲ್ಲಿ ಆಳಿದ ಹೆಣ್ಣು ಅವಳೊಬ್ಬಳೇ, ಆರು ವರ್ಷ. ದಾವೀದನ ಮನೆ ಆ ಹೊತ್ತಿಗಾಗಲೇ ಬೋಳಾಗಿತ್ತು, ಅವಳ ಗಂಡ ಪಟ್ಟಕ್ಕೆ ಬಂದಾಗ ಸ್ವಂತ ತಮ್ಮಂದಿರನ್ನ ಕೊಂದಿದ್ದ, ಆಮೇಲೆ ಅರಬಿಯರ ಜೊತೆ ಬಂದ ದಂಡು ಅವನ ದೊಡ್ಡ ಮಕ್ಕಳನ್ನ ಕೊಂದಿತ್ತು, ಯೇಹು 42 ಜನರನ್ನ, ಈಗ ಇವಳು ಉಳಿದವರನ್ನ.

ತಪ್ಪಿಸ್ಕೊಂಡಿದ್ದು ಒಂದು ಕೂಸು, ಯೋವಾಷ. ಸೋದರತ್ತೆ ಯೆಹೋಷೆಬ ಅವನನ್ನೂ ದಾದಿಯನ್ನೂ ಮಲಗೋ ಕೋಣೆಯಲ್ಲಿ ಬಚ್ಚಿಟ್ಟು ಆಮೇಲೆ ದೇವಾಲಯಕ್ಕೆ ಸಾಗಿಸಿದ್ಳು, ಅವಳ ಗಂಡ ಯೆಹೋಯಾದ ಅಲ್ಲಿಯ ಯಾಜಕ. ಏಳನೇ ವರ್ಷ ಕಾವಲಿನವರನ್ನ ಪಾಳಿ ಬದಲಾಗೋ ಟೈಮ್ ನೋಡಿ ಒಟ್ಟು ಸೇರಿಸಿ ಏಳು ವರ್ಷದ ಹುಡುಗನ ತಲೆ ಮೇಲೆ ಕಿರೀಟ ಇಟ್ರು. ಚಪ್ಪಾಳೆ ಸದ್ದು ಕೇಳಿ ಓಡಿಬಂದ ಅತಲ್ಯ ಬಟ್ಟೆ ಹರ್ಕೊಂಡು "ದ್ರೋಹ! ದ್ರೋಹ!" ಅಂತ ಕೂಗಿದ್ಳು. ದೇವಾಲಯದೊಳಗೆ ರಕ್ತ ಬೀಳಬಾರದು ಅಂತ ಹೊರಗೆ ಕರ್ಕೊಂಡು ಹೋಗಿ ಕುದುರೆ ಬಾಗಿಲ ಹತ್ರ ಕೊಂದ್ರು. ದ್ರೋಹ ಅಂತ ಕೂಗೋಕೆ ಅವಳಿಗೆಂಥ ಹಕ್ಕು ಅಂತೀರಾ? ಅದೂ ಸರಿ.

ಈಗ ಲೆಕ್ಕ ಹಾಕಿ. ಯೋವಾಷ ಯಾರ ಮಗ? ಅಹಜ್ಯನ ಮಗ. ಅಹಜ್ಯ? ಅತಲ್ಯಳ ಮಗ. ಅಂದ್ರೆ ದಾವೀದನ ವಂಶ ಉಳಿಸೋಕೆ ಬಚ್ಚಿಟ್ಟ ಮಗು ಅಹಾಬನಿಗೆ ಮರಿಮೊಮ್ಮಗ. (ಒಂದು ವಚನ ಅತಲ್ಯಳನ್ನ ಅಹಾಬನ ಮಗಳು ಅನ್ನುತ್ತೆ, ಇನ್ನೊಂದು ಒಮ್ರಿಯ ಮಗಳು ಅನ್ನುತ್ತೆ, ಯಾವುದಾದ್ರೂ ಒಮ್ರಿಯ ರಕ್ತ ಅನ್ನೋದು ತಪ್ಪಲ್ಲ.) ಅಲ್ಲಿಂದ ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಯೆರೂಸಲೇಮ್ ಸುಡೋವರೆಗೂ ಯೆಹೂದವನ್ನ ಆಳಿದ ಅಷ್ಟೂ ರಾಜರು, ಹಿಜ್ಕೀಯ, ಯೋಷೀಯರಂಥ ಭಕ್ತರೂ ಸೇರಿ, ಈ ಯೋವಾಷನ ಸಂತಾನ. ಬೈಬಲ್ ಎಲ್ಲೂ ಇದನ್ನ ಬಾಯಿಬಿಟ್ಟು ಹೇಳಲ್ಲ. ಹೊಸ ಒಡಂಬಡಿಕೆಯಲ್ಲಿ ಮತ್ತಾಯ ಯೇಸುವಿನ ವಂಶಾವಳಿ ಬರೀತಾ ಯೋರಾಮನಿಂದ ನೇರ ಉಜ್ಜೀಯನಿಗೆ ಹಾರಿಬಿಡ್ತಾನೆ, ಮಧ್ಯದ ಅಹಜ್ಯ, ಯೋವಾಷ, ಅಮಚ್ಯ ಮೂರು ಜನ ಮಾಯ. ಹದಿನಾಲ್ಕು ಹದಿನಾಲ್ಕು ತಲೆಮಾರಿನ ಲೆಕ್ಕ ಸರಿ ಬರಲಿ ಅಂತ ಬಿಟ್ಟ ಅಂತ ಒಂದು ವಿವರಣೆ, ಅಹಾಬನ ನಂಟಿನ ಮೇಲಿದ್ದ ಶಾಪಕ್ಕೆ ಬಿಟ್ಟ ಅಂತ ಇನ್ನೊಂದು. ನನಗೆ ಎರಡನೆಯದು ಹೆಚ್ಚು ಮಜಾ ಅನ್ಸುತ್ತೆ, ಹಾಗಂತ ಸರಿ ಅಂತ ಹೇಳ್ತಿಲ್ಲ.

ಪ್ರಶ್ನೆ: ನೀವು ಹೇಳೋ ಈ ಕಲ್ಲುಗಳನ್ನ ಎಲ್ಲಿ ನೋಡಬಹುದು?

ಮೇಷನ ಕಲ್ಲು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ನೋಡಿದ್ರೆ ಚಿಂದಿ ಜೋಡಿಸಿದ ಹಾಗೆ ಕಾಣುತ್ತೆ, ಯಾಕಂದ್ರೆ ಯಾರಿಗೆ ಸೇರಬೇಕು ಅನ್ನೋ ಜಗಳದಲ್ಲಿ ಅಲ್ಲಿಯ ಬುಡಕಟ್ಟಿನವರು ಅದನ್ನ ಬೆಂಕಿಯಲ್ಲಿ ಕಾಯಿಸಿ ತಣ್ಣೀರು ಸುರಿದು ಒಡೆದುಬಿಟ್ರು. ಅದಕ್ಕೂ ಮುಂಚೆ ಒದ್ದೆ ಕಾಗದ ಒತ್ತಿ ಅಚ್ಚು ತೆಗೆದಿಟ್ಟಿದ್ದರಿಂದ ಬರಹ ಉಳೀತು. ಅಹಾಬನ ರಥಗಳ ಲೆಕ್ಕ ಇರೋ ಶಾಸನ ಮತ್ತು ಯೇಹುವಿನ ಕಪ್ಪು ಕಂಬ ಎರಡೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಟೆಲ್ ದಾನ್ ತುಂಡುಗಳು ಯೆರೂಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ. ಕಪ್ಪು ಕಂಬದ ಹತ್ರ ಹೋದ್ರೆ ಮೇಲಿಂದ ಎರಡನೇ ಸಾಲು ನೋಡಿ, ನೆಲಕ್ಕೆ ಬಾಗಿರೋನು ಯೇಹು, ಅಥವಾ ಅವನ ಪರವಾಗಿ ಬಂದ ರಾಯಭಾರಿ. ಪಕ್ಕದ ಮುಖಗಳ ಮೇಲೆ ಅದೇ ಸಾಲಲ್ಲಿ ಕಪ್ಪ ಹೊತ್ತು ನಿಂತಿರೋ ಇಸ್ರಾಯೇಲ್ಯರು ಕಾಣ್ತಾರೆ, ಅದನ್ನ ನೋಡದೆ ಬರಬೇಡಿ.